ಆಗಸ್ಟಿನ ಹಸಿರು

“ನಿಮ್ಮ ಹುಲ್ಲು ಹಸಿರಾಗಿದೆ, ಡೆಸ್ಮಂಡ್” ಎಂದರು ಪಕ್ಕದ ಮನೆಯ ಬೆರಿಲ್ ಟ್ರಸ್ಕಾಟ್, ಗೇಟಿನಾಚೆ ನಿಂತು.

ಬೇರೆ ಯಾವ ವರ್ಷವಾಗಿದ್ದರೂ ಈ ಮಾತಿಗೆ ಡೆಸ್ಮಂಡ್ ಪೆಲ್ಲೋ ಉಬ್ಬಿಹೋಗುತ್ತಿದ್ದರು. ಈ ಆಗಸ್ಟಿನಲ್ಲಿ ಮಾತ್ರ ಅದು ಆರೋಪ. ಏಳು ವಾರದಿಂದ ಒಂದು ಹನಿ ಮಳೆಯಿಲ್ಲ. ತೋಟಕ್ಕೆ ಯಾರೂ ಪೈಪು ಹಿಡಿಯಬಾರದೆಂದು ಕಟ್ಟಪ್ಪಣೆಯಾಗಿತ್ತು. ಊರಿನ ಹುಲ್ಲುಹಾಸುಗಳೆಲ್ಲ ಹಳೇ ಕಾಲೊರಸಿನ ಬಣ್ಣಕ್ಕೆ ತಿರುಗಿದ್ದವು, ಪಾದ್ರಿಯ ಮನೆಯದೂ ಸೇರಿ. ಒಣಗಿದ ಹುಲ್ಲೇ ಈಗ ಮರ್ಯಾದಸ್ಥರ ಗುರುತು. ಅದರ ನಡುವೆ ಡೆಸ್ಮಂಡರ ಅಂಗಳವೊಂದೇ ನಾಚಿಕೆಯಿಲ್ಲದೆ ಹಸಿರಾಗಿ ಹೊಳೆಯುತ್ತಿತ್ತು. ಬೆರಿಲ್ ಊರಿನ ತೋಟಗಾರಿಕೆ ಸಂಘದ ಅಧ್ಯಕ್ಷೆ ಬೇರೆ. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ತಮ್ಮ ಗುಲಾಬಿಗೆ ಹಾಕುತ್ತಿದ್ದ ಹೆಂಗಸಿಗೆ ಈ ಹಸಿರು ಕಣ್ಣಿಗೆ ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

“ಕ್ಯಾನಿನಲ್ಲಿ ಹಾಕ್ತೀನಿ ಬೆರಿಲ್. ಕ್ಯಾನಿಗೇನೂ ಅಡ್ಡಿಯಿಲ್ವಲ್ಲ.”

“ಇಷ್ಟಗಲಕ್ಕೆ, ಕ್ಯಾನಿನಲ್ಲಿ? ಆ ಮಂಡಿ ಇಟ್ಕೊಂಡು? ಚರ್ಚಿನಲ್ಲಿ ಮೊಣಕಾಲೂರಿದ್ರೆ ನಿಮ್ಮನ್ನ ಎಬ್ಬಿಸೋಕೆ ಇಬ್ಬರು ಬೇಕು.”

ಡೆಸ್ಮಂಡ್ ಒಂದು ತೊಟ್ಟು ನೀರೂ ಹಾಕಿರಲಿಲ್ಲ. ಸತ್ಯ ಅದಕ್ಕಿಂತ ಕೆಟ್ಟದ್ದಾಗಿತ್ತು. ಮಂಡಿ ಹಿಡಿದುಕೊಂಡ ಮೇಲೆ ಮೂರು ವರ್ಷದಿಂದ ಅವರಿಗೆ ಕೂತು ಕಳೆ ಕೀಳಲು ಆಗಿರಲಿಲ್ಲ. ನಮ್ಮ ಹುಳಿಸೊಪ್ಪಿನಂತೆ ಮೂರೆಲೆ ಬಿಡುವ ಕ್ಲೋವರ್ ಎಂಬ ಕಳೆ ಬೇಲಿಯಂಚಿನಿಂದ ನುಸುಳಿ ಮುಕ್ಕಾಲು ಅಂಗಳ ನುಂಗಿತ್ತು. ಅದರ ಬೇರು ಆಳ, ಮಳೆಯ ಹಂಗಿಲ್ಲ. ಡೆಸ್ಮಂಡ್ ಅದನ್ನು ತೀರ ತಗ್ಗಾಗಿ ಕತ್ತರಿಸಿ, ಮೇಲೆ ಹುಲ್ಲು ಕೊಯ್ಯುವ ಯಂತ್ರದಿಂದ ನೇರ ಪಟ್ಟೆ ಎಳೆದು, ದೂರದಿಂದ ನೋಡಿದವರಿಗೆ ಹುಲ್ಲೇ ಎನ್ನಿಸುವಂತೆ ಮಾನ ಕಾಪಾಡಿಕೊಂಡು ಬಂದಿದ್ದರು.

ಮಾನವೆಂದರೆ ಸಣ್ಣದಲ್ಲ. ಹನ್ನೊಂದು ಸಲ ಊರಿನ ಅತ್ಯುತ್ತಮ ಹುಲ್ಲುಹಾಸಿನ ಬಹುಮಾನ ಗೆದ್ದವರು. ಬುಡದ ಒಣಕಸ ಕೆರೆಯಿರಿ, ಮುಳ್ಳುಗೋಲಿನಿಂದ ತೂತು ಹೊಡೆದು ಮರಳು ಹರಡಿ, ಬೋಳಾದಲ್ಲಿ ಬೀಜ ಚೆಲ್ಲಿ ಎಂದು ವರ್ಷವರ್ಷವೂ ಸಂಘದಲ್ಲಿ ಭಾಷಣ ಬಿಗಿದವರು. ಒಮ್ಮೆ ಬೆರಿಲ್‌ರ ಗಂಡ ಹೆರಾಲ್ಡ್‌ಗೆ, ತುಂಬಿದ ಸಭೆಯಲ್ಲಿ, “ಕ್ಲೋವರ್ ಇದ್ದರೆ ಅದು ಹುಲ್ಲುಹಾಸಲ್ಲಪ್ಪ, ಹಸುವಿನ ಊಟ” ಎಂದಿದ್ದರು. ಜನ ಬಿದ್ದು ಬಿದ್ದು ನಕ್ಕರು. ಹೆರಾಲ್ಡ್ ನಗಲಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ಇಡೀ ಅಂಗಳ ಅಗೆದು ಹೊಸದಾಗಿ ಬಿತ್ತಿ, ಅದು ಹದಕ್ಕೆ ಬಂದ ವರ್ಷವೇ ತೀರಿಕೊಂಡ. ಈಗ ಆ ಹೆರಾಲ್ಡ್‌ನ ಹೆಂಡತಿಯ ಮುಂದೆ ಯಾವ ಬಾಯಿಂದ ಹೇಳುವುದು?

ಚಹಾ ತಂದ ಹೆಂಡತಿ ಮ್ಯೂರಿಯಲ್ ಕಿವಿಯಲ್ಲಿ ಹೇಳಿದಳು: “ನಿಜ ಹೇಳಿಬಿಡು. ಸತ್ತೇನೂ ಹೋಗಲ್ಲ.”

“ಸತ್ತರೇ ವಾಸಿ” ಎಂದರು ಡೆಸ್ಮಂಡ್.

ಅಷ್ಟರಲ್ಲಿ ಬೆರಿಲ್ ಗೇಟು ತೆಗೆದು ಒಳಗೆ ಬಂದಾಗಿತ್ತು. “ಮಣ್ಣಿಗೆ ಬೆರಳಿಟ್ಟು ನೋಡ್ತೀನಿ. ಒಣಗಿದ್ರೆ ನಾನೇ ಕ್ಷಮೆ ಕೇಳ್ತೀನಿ, ಆಯ್ತಾ?”

ಮಣ್ಣು ರಸ್ಕಿನಂತೆ ಒಣಗಿತ್ತು. ಡೆಸ್ಮಂಡ್ ನಿರಪರಾಧಿ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಬೆರಳಿಡಲು ಬಗ್ಗಿದರೆ ಮೂರೆಲೆಗಳು ಅವರ ಮೂಗಿನಿಂದ ಗೇಣು ದೂರ. ಅತ್ತ ದರಿ, ಇತ್ತ ಪುಲಿ. ಬೆರಿಲ್ ಸ್ಕರ್ಟು ಸರಿಮಾಡಿಕೊಂಡು ಒಂದು ಮಂಡಿ ಮಡಿಸಿದರು.

“ಬಗ್ಗಬೇಡಿ ಬೆರಿಲ್. ನಾನೇ ಹಾಕಿದ್ದು. ಪೈಪಿನಲ್ಲೇ.”

“ಪೈಪಿನಲ್ಲೇ?”

“ಬೆಳಗಿನ ಜಾವ. ಎಲ್ಲ ಮಲಗಿದ್ದಾಗ.”

“ಎಷ್ಟು ದಿನ?”

“ದಿನಾ” ಎಂದರು ಡೆಸ್ಮಂಡ್. ಸುಳ್ಳಿಗೆ ಇಳಿದ ಮೇಲೆ ಜಿಪುಣತನವೇಕೆ ಎನ್ನಿಸಿರಬೇಕು, “ಭಾನುವಾರಾನೂ” ಎಂದು ಸೇರಿಸಿದರು.

ಬೆರಿಲ್ ಮಂಡಿ ನೆಟ್ಟಗೆ ಮಾಡಿಕೊಂಡು ಕಿಸೆಯಿಂದ ಸಂಘದ ಪುಸ್ತಕ ತೆಗೆದರು. “ಸಂಘದ ನೋಟಿಸ್ ಬೋರ್ಡಿಗೆ ನಿಮ್ಮ ಹೆಸರು ಹಾಕಬೇಕಾಗುತ್ತೆ. ಈ ವರ್ಷ ಸ್ಪರ್ಧೆಗೆ ನೀವಿಲ್ಲ. ವಸಂತದ ಭಾಷಣಕ್ಕೂ ಬೇರೆಯವರನ್ನ ಹುಡುಕ್ತೀವಿ.”

“ಹಾಕಿ. ಹುಡುಕಿ.”

ಪುಸ್ತಕದಲ್ಲಿ ಬೆರಿಲ್ ಬರೆದ ತಪ್ಪೊಪ್ಪಿಗೆಗೆ ಸಹಿ ಹಾಕುವಾಗ ಡೆಸ್ಮಂಡರ ಎದೆ ಹಗುರಾಯಿತು. ನೀರುಕಳ್ಳ ಎಂಬ ಹೆಸರು ಮೊದಲ ಮಳೆಗೆ ತೊಳೆದುಹೋಗುತ್ತದೆ. ಕ್ಲೋವರ್ ಡೆಸ್ಮಂಡ್ ಎಂಬ ಹೆಸರು ಗೋರಿಕಲ್ಲಿನವರೆಗೂ ಬೆನ್ನು ಹತ್ತಿ ಬರುತ್ತದೆ. ಬದುಕಿದೆ ಎಂದುಕೊಂಡು ಅವರು ಅಧ್ಯಕ್ಷೆಗೆ ಚಹಾ ಕುಡಿಯಲು ಹೇಳಿದರು. ಬೇಡವೆಂದು ಬೆರಿಲ್ ಗೇಟಿನತ್ತ ತಿರುಗಿದರು.

ಆಗ ಒಂದು ಜೇನುನೊಣ ಗುಂಯ್‌ಗುಡುತ್ತ ಬಂದು ಅವರ ಬೂಟಿನ ಪಕ್ಕದಲ್ಲೇ ಇಳಿಯಿತು. ಯಂತ್ರದ ಅಲಗಿಗೆ ಸಿಗದೆ ಉಳಿದಿದ್ದ ಒಂದೇ ಒಂದು ಬಿಳಿಯ ಕ್ಲೋವರ್ ಹೂವಿನ ಮೇಲೆ. ಮೂವರೂ ಅದನ್ನೇ ನೋಡಿದರು. ಬರೀ ಹುಲ್ಲಿಗೆ ಜೇನು ಬರುವುದಿಲ್ಲವೆಂದು ಆ ಊರಿನ ಮಕ್ಕಳಿಗೂ ಗೊತ್ತು. ಡೆಸ್ಮಂಡರ ಮುಖ ಸುಣ್ಣವಾಯಿತು.

“ಪಾಪ, ನೀರು ಕುಡಿಯೋಕೆ ಬಂದಿದೆ” ಎಂದರು ಬೆರಿಲ್. ಜೇನು ಹಾರಿಹೋಗುವವರೆಗೂ ಕಾದು, ಹೂವನ್ನು ಹಿಮ್ಮಡಿಯಿಂದ ಮೆಲ್ಲಗೆ ಮಣ್ಣಿಗೆ ಒತ್ತಿ, ಗೇಟು ಹಾಕಿಕೊಂಡು ಹೋದರು.