ದೂರು ಕೊಟ್ಟವಳ ತಮ್ಮ

"ಯಾರ ಮೇಲಾದ್ರೂ ಅನುಮಾನ ಇದ್ಯಾಮ್ಮಾ?" ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಪೇದೆ ತಲೆ ಎತ್ತದೆ ಕೇಳಿದ.

"ಇಲ್ಲ ಸಾರ್, ಯಾರೋ ಗುರುತಿಲ್ಲದೋರು," ಎಂದು ಮಗಳಿಗಿಂತ ಮೊದಲೇ ತಾಯಿ ಬಾಯಿ ಹಾಕಿದಳು. ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಆ ಗುರುತಿಲ್ಲದವನು ಅಮ್ಮನ ಪಕ್ಕದಲ್ಲೇ, ಬೆಂಚಿನ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದ. ಅವಳ ಒಡಹುಟ್ಟಿದ ತಮ್ಮ.

ಕಳೆದ ವರ್ಷ ಅವಳಿಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಕಾದವನು ಇವನೇ. ಇಂಥ ತಮ್ಮ ಎಲ್ಲರಿಗೂ ಸಿಗುವುದಿಲ್ಲ ಎಂದು ನರ್ಸುಗಳು ಹೊಗಳಿದ್ದರು. ಅವಳೂ ಬೀಗಿದ್ದಳು. ಅವಳು ಮಂಪರಿನಲ್ಲಿ ಬಿದ್ದಿದ್ದಾಗ ಈ ಮಹಾನುಭಾವ ಅವಳದೇ ಬೆರಳನ್ನು ಅವಳದೇ ಫೋನಿಗೆ ಒತ್ತಿ, ಅವಳ ಹೆಸರಿನಲ್ಲಿ ಎರಡು ಸಾಲ ಎತ್ತಿದ್ದ. ಒಂದು ಕಂತನ್ನೂ ಕಟ್ಟಲಿಲ್ಲ.

ಬೇರೆಯವರ ಸಲೂನಿನಲ್ಲಿ ನಿಂತು ನಿಂತು ಕಾಲು ಬಾತುಕೊಂಡ ಮೇಲೆ, ಸ್ವಂತದ್ದೊಂದು ಇಡೋಣವೆಂದು ಸಾಲ ಕೇಳಲು ಹೋದಾಗಲೇ ಅವಳಿಗೆ ಸಂಗತಿ ತಿಳಿದದ್ದು. ಕ್ರೆಡಿಟ್ ಸ್ಕೋರ್ ನೆಲ ಕಚ್ಚಿತ್ತು. ಹೋದ ಬ್ಯಾಂಕಿನಲ್ಲೆಲ್ಲ ಮರ್ಯಾದೆಯಿಂದ ಮಾತಾಡಿಸಿ, ಅವಳ ಹೆಸರು ಹಾಕಿ ನೋಡಿದ ಮೇಲೆ ಸಾಲ ಇಲ್ಲವೆಂದು ಕಳಿಸಿದ್ದರು. ಪೊಲೀಸ್ ದೂರಿನ ಪ್ರತಿ ತಂದರೆ ಮಾತ್ರ ಅದನ್ನು ಸರಿಪಡಿಸುತ್ತೇವೆ ಎಂದರು ಬ್ಯಾಂಕಿನವರು. ಹಣ ಹೋದದ್ದು ತಮ್ಮನ ಖಾತೆಗೆ. ಅವನ ಹೆಸರು ಮುಚ್ಚಿಟ್ಟರೆ ಅಕ್ಕ ತಮ್ಮ ಇಬ್ಬರೂ ಸೇರಿ ಆಡಿದ ನಾಟಕ ಅನ್ನುತ್ತಾರೆ ಅಷ್ಟೆ.

ಠಾಣೆಗೆ ಬರುವ ದಾರಿಯುದ್ದಕ್ಕೂ ಅಮ್ಮನದು ಒಂದೇ ರಾಗ. ಅವನು ಚಿಕ್ಕವನು, ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ್ದಾನೆ, ಮದುವೆ ಬೇರೆ ಗೊತ್ತಾಗಿದೆ, ನೀನೇ ಹೊಟ್ಟೆಗೆ ಹಾಕಿಕೋ. ಮೂವತ್ತು ದಾಟಿದ ಚಿಕ್ಕವನು! ಹೊಟ್ಟೆಗೆ ಹಾಕಿಕೊಂಡೂ ಹಾಕಿಕೊಂಡೂ ಅವಳಿಗೆ ಸಾಕಾಗಿತ್ತು.

"ಗುರುತು ಚೆನ್ನಾಗೇ ಇದೆ ಸಾರ್, ಬರ್ಕೊಳ್ಳಿ," ಎಂದು ಅವಳು ತಮ್ಮನ ಹೆಸರು ಹೇಳಿದಳು. ಅವನ ತಂದೆಯ ಹೆಸರೇನು ಎಂದಾಗ ತನ್ನ ತಂದೆಯ ಹೆಸರು ಹೇಳಿದಳು. ಪೇದೆ ಆಗ ತಲೆ ಎತ್ತಿ ಮೂವರನ್ನೂ ಒಮ್ಮೆ ನೋಡಿದ. ಅಮ್ಮ ಮುಖ ಮುಚ್ಚಿಕೊಂಡಳು. ನೀನು ನನ್ನ ಹೊಟ್ಟೆಯಲ್ಲಿ ಯಾಕಾದರೂ ಹುಟ್ಟಿದೆಯೋ ಎಂದಳು. ಹೇಳಿದ್ದು ಮಗಳಿಗೆ.

ತಮ್ಮ ಎದ್ದು ಬಂದು ಮೇಜಿನ ಅಂಚು ಹಿಡಿದುಕೊಂಡ. "ಅಕ್ಕಾ, ಕೇಸಾದ್ರೆ ನನ್ನ ಗತಿ ಏನು? ಎಲ್ಲಿಗೆ ಹೋದ್ರೂ ನನ್ನ ಹೆಸರು ನೋಡಿ ಬಾಗಿಲು ಹಾಕ್ತಾರೆ."

ಅವಳು ದೂರಿನ ಕಾಗದ ಎಳೆದುಕೊಂಡು ಸಹಿ ಹಾಕಿದಳು.

"ತಕ್ಷಣ ಹಾಕಲ್ಲ ಕಣೋ," ಎಂದಳು. "ಮೊದಲು ಕೂರಿಸಿ ನೀರು ಕೊಡ್ತಾರೆ. ಆಮೇಲೆ ಹಾಕ್ತಾರೆ."