ಮಾಟಗಾತಿಯ ಎರಡನೇ ಭಾಗ

"ಅಯ್ಯೋ!" ಎಂದಳು ಸೊಸೆ, ಗುಂಡಿಗೆ ಕಾಜಾ ಹೊಲಿಯುತ್ತ ಕೂತವಳು.

ಮಿಷನ್ ತುಳಿಯುತ್ತಿದ್ದ ಅತ್ತೆಯ ಕಾಲು ನಿಂತಿತು. "ಏನೇ? ಸೂಜಿ ಚುಚ್ತಾ?"

"ಏನಿಲ್ಲ ಅತ್ತೆ." ಅವಳ ತೊಡೆಯ ಮೇಲೆ ಯಾರದೋ ಅಂಗಿ, ಅಂಗಿಯ ಕೆಳಗೆ ತೆರೆದ ಪುಸ್ತಕ.

ಒಬ್ಬರು ಓದಬೇಕು, ಇಬ್ಬರು ಹೊಲಿಯಬೇಕು: ಇದು ಆ ಟೈಲರ್ ಅಂಗಡಿಯ ಪದ್ಧತಿ. ಮೊದಲನೇ ಭಾಗವನ್ನು ಮಾವ ಗಟ್ಟಿಯಾಗಿ, ಮಾಟಗಾತಿಗೊಂದು ದನಿ, ಹೆಣಗಳಿಗೊಂದು ದನಿ ಮಾಡಿ ಓದಿದ್ದರು. ಸತ್ತವರನ್ನು ಎಬ್ಬಿಸುವ ಮಾಟಗಾತಿ ಕೊಲೆಯಾದ ತನ್ನ ತಮ್ಮನ ಗೋರಿ ಅಗೆದರೆ, ಒಳಗೆ ತಮ್ಮನೇ ಇಲ್ಲ! ಅಲ್ಲಿಗೆ ಪುಸ್ತಕ ಮುಗಿದಿತ್ತು. ಎರಡನೇ ಭಾಗ ಬರುವಷ್ಟರಲ್ಲಿ ಮಾವನೇ ಇಲ್ಲ. "ಅವರಿಲ್ಲದೆ ಆ ಕಥೆ ನನ್ನ ಕಿವಿಗೆ ಬೀಳಕೂಡದು" ಎಂದುಬಿಟ್ಟಿದ್ದರು ಅತ್ತೆ. ಅಂದಿನಿಂದ ಅಂಗಡಿಯಲ್ಲಿ ಮಿಷನ್ನಿನದೊಂದೇ ಸದ್ದು, ನಗು ಇಲ್ಲ, ಜಗಳವೂ ಇಲ್ಲ. ಅತ್ತೆಯನ್ನು ಹೇಗಾದರೂ ಮತ್ತೆ ಕಥೆಗೆ ಎಳೆಯಬೇಕೆಂದು ಸೊಸೆ ಪುಸ್ತಕ ತಂದಿದ್ದಳು. ಬಾಯಿ ಬಿಡಲು ಮಾತ್ರ ಧೈರ್ಯವಿರಲಿಲ್ಲ.

"ಅಯ್ಯಯ್ಯೋ!" ಈ ಸಲ ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು.

ಅತ್ತೆ ಕೋಟಿಗೆ ತೋಳು ಜೋಡಿಸುತ್ತಲೇ, ತಲೆ ಎತ್ತದೆ, "ಸಿಕ್ಕಿದ್ನಾ?" ಎಂದರು.

"ಯಾರತ್ತೆ?"

"ನಾಟಕ ಆಡಬೇಡ. ಅವಳ ತಮ್ಮ!"

"ನಿಮ್ಮ ಕಿವಿಗೆ ಬೀಳಬಾರದು ಅಂದಿದ್ರಲ್ಲ…"

"ಪಕ್ಕದಲ್ಲಿ ಕೂತು ಅಯ್ಯೋ ಅಯ್ಯೋ ಅಂತ ಬಡ್ಕೊಂಡ್ರೆ ಮನುಷ್ಯರು ಹೇಗೆ ಕೆಲಸ ಮಾಡೋದು? ಹಾಳಾಗ್ಲಿ, ಓದು!"

ಸೊಸೆ ಅಂಗಿಯನ್ನು ಮೂಲೆಗೆ ಒಗೆದಳು. ತಮ್ಮ ಸಿಕ್ಕಿದ್ದ, ಪಾಳು ಬಾವಿಯ ತಳದಲ್ಲಿ. ಮಂತ್ರ ಹಾಕಿದರೆ ಏಳುತ್ತಾನೆ, ಆದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮಲಗಿಬಿಡುತ್ತಾನೆ. ನಿನ್ನನ್ನು ಕೊಂದವರು ಯಾರು ಎಂದು ಕೇಳಲೆಂದೇ ಮಾಟಗಾತಿ ಏಳು ಬೆಟ್ಟ ಹತ್ತಿ ಇಳಿದು ಬಂದವಳು. ತಮ್ಮ ಎದ್ದು ಕೂತ. ಅಕ್ಕನ ಮುಖ ನೋಡಿದ. ಮಾಟಗಾತಿಯ ಬಾಯಿಂದ ಬಂದದ್ದು: "ಊಟ ಆಯ್ತೇನೋ?"

ಅತ್ತೆ ಹಲ್ಲಿನಿಂದ ದಾರ ಕಡಿಯುತ್ತಿದ್ದವರು ಹಾಗೆಯೇ ನಿಂತರು. ಆಮೇಲೆ ಗೊಳ್ಳೆಂದು ನಕ್ಕರು. ನಗುನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅಯ್ಯೋ ಪೆದ್ದೀ! ನಾನಾಗಿದ್ರೂ ಅದನ್ನೇ ಕೇಳ್ತಿದ್ದೆ ಕಣೇ."

ಕೋಟು ಒಯ್ಯಲು ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದ ವಕೀಲರಿಗೆ ತಡೆಯಲಾಗಲಿಲ್ಲ. "ಇದೇನಮ್ಮಾ ಅನ್ಯಾಯ! ಇದ್ದಿದ್ದೇ ಒಂದು ಪ್ರಶ್ನೆ, ಅದನ್ನೂ ದಂಡ ಮಾಡಿದ್ಲಲ್ಲ!"

"ನಿಮ್ಮ ಕೋರ್ಟಲ್ಲಿ ಅದು ದಂಡ ಸಾರ್. ಮನೇಲಲ್ಲ" ಎಂದು ಅತ್ತೆ ಕೋಟು ಕೊಟ್ಟರು.

ವಕೀಲರು ಹಾಕಿಕೊಂಡರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹೋದರೂ ತೋಳು ತಿರುಚಿಕೊಂಡು, ಮೊಣಕೈ ಬಾಗಬೇಕಾದಲ್ಲಿ ಬಾಗಲಿಲ್ಲ. ಒಂದೇ ಥಾನಿನ ಕರಿ ಬಟ್ಟೆಯಲ್ಲಿ ಇಬ್ಬರು ವಕೀಲರಿಗೆ ಕತ್ತರಿಸಿದ ಕೋಟುಗಳು; ಅತ್ತೆಯ ಕೈ ಇಲ್ಲಿತ್ತು, ಮನಸ್ಸು ಬಾವಿಯಲ್ಲಿತ್ತು. ಇವರಿಗೆ ಎರಡೂ ಎಡದ ತೋಳು.

"ಹಾಗಾದ್ರೆ ನಮ್ಮ ಸೀನಿಯರ್‌ಗೆ?" ಎಂದು ವಕೀಲರು ಗಾಬರಿಯಾದರು.

"ಎರಡೂ ಬಲದ್ದು ಮಿಕ್ಕಿದೆ" ಎಂದು ಸೊಸೆ ಕಿಸಕ್ಕೆಂದಳು. ಅತ್ತೆಗಂತೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಅಷ್ಟು ತಿಂಗಳು ಕಟ್ಟಿಟ್ಟ ನಗುವೆಲ್ಲ ಒಟ್ಟಿಗೇ ಬಂದಂತಿತ್ತು. ಬೈಯಲು ಬಾಯಿ ತೆರೆದ ವಕೀಲರೂ ಕೊನೆಗೆ ಸ್ಟೂಲು ಎಳೆದುಕೊಂಡು ಕೂತರು.

"ಬಿಚ್ಚಿ ಹಾಕೋಕೆ ಎಷ್ಟು ಹೊತ್ತಾಗುತ್ತೆ?"

"ಒಂದು ಅಧ್ಯಾಯ" ಎಂದರು ಅತ್ತೆ.

ಸೊಸೆ ಮುಂದಿನ ಪುಟ ತಿರುಗಿಸಿದಳು. ಅತ್ತೆ ಅವಳ ಕೈ ಹಿಡಿದು ತಡೆದರು.

"ಅಲ್ಲಿಂದಲ್ಲ, ಮೊದಲನೇ ಪುಟದಿಂದ ಓದು. ಸ್ವಲ್ಪ ಜೋರಾಗಿ ಓದು ಕಣೇ, ನಿಮ್ಮ ಮಾವನಿಗೆ ಕಿವಿ ಮಂದ."