ಆ ಕಡೆಯ ಬೆಳಕು

"ಇಷ್ಟು ಚೊಕ್ಕವಾಗಿ ಹರಿಯೋ ಬೆಳಕು ಆ ಮುದುಕಿಗೆ ಮಾತ್ರ ಯಾಕೆ ಕಾಣಲ್ಲ?"

ಮುಖ್ಯ ಎಂಜಿನಿಯರು ಯಾರನ್ನೂ ಕೇಳಿದ್ದಲ್ಲ. ಉಪಕರಣದ ಕೋಣೆಯಲ್ಲಿ ಅವರೊಬ್ಬರೇ. ಉತ್ತರ ಕೊಡಲು ಫ್ಯಾನುಗಳ ಮೊರೆತವಷ್ಟೇ ಇತ್ತು.

ಎದುರಿಗೆ ಹೊಸ ಟ್ರಾನ್ಸ್‌ಪಾಂಡರ್ ಕಾರ್ಡು ಹಸಿರು ದೀಪ ಉರಿಸಿಕೊಂಡು ಕುಳಿತಿತ್ತು. ಈ ಊರಿನ ಮಾತನ್ನೆಲ್ಲ ಬೆಳಕಾಗಿಸಿ ಗಾಜಿನ ಎಳೆಯಲ್ಲಿ ಆಚೆ ಊರಿಗೆ ಕಳಿಸುವುದು, ಅಲ್ಲಿಂದ ಬಂದ ಬೆಳಕನ್ನು ಮತ್ತೆ ಮಾತಾಗಿಸುವುದು ಅದರ ಕೆಲಸ. ಆಚೆ ಊರಿನಲ್ಲಿ ಇದರ ಜೋಡಿ ಕಾರ್ಡು. ಅದನ್ನು ನೋಡಿಕೊಳ್ಳುವವಳು ಇಪ್ಪತ್ತೆರಡು ವರ್ಷ ಕಂಬ ಹತ್ತಿ ಇಳಿದು ಆ ಕುರ್ಚಿಗೆ ಬಂದವಳು. ಎಂಜಿನಿಯರು ಅವಳಿಗಿಟ್ಟ ಹೆಸರು ಕಂಬದಮ್ಮ. ಅವಳ ಎದುರಿಗೂ ಹಾಗೇ ಕರೆಯುತ್ತಿದ್ದರು.

ಬೆಳಗ್ಗೆ ಬಂದವರೇ ತಮ್ಮ ಕಾರ್ಡನ್ನು ಪರೀಕ್ಷಿಸಿದ್ದರು. ಗೋಡೆಯ ಪೆಟ್ಟಿಗೆಯಲ್ಲಿ ಮೊಳದುದ್ದದ ಎಳೆಯೊಂದನ್ನು ಸಿಕ್ಕಿಸಿ, ಹೊರಟ ಬೆಳಕನ್ನು ಒಳಕ್ಕೇ ತಿರುಗಿಸಿ ನೋಡುವ ಮಾಮೂಲಿ ಪರೀಕ್ಷೆ. ಒಂದು ತಪ್ಪೂ ಇರಲಿಲ್ಲ. ತಮ್ಮ ಕೈಯಲ್ಲಿ ತಪ್ಪು ಹೇಗಾದೀತು? ಪೆಟ್ಟಿಗೆಯ ಬಾಗಿಲು ಮುಚ್ಚಿ ಕಾಫಿಗೆ ಹೋದರು.

ಹತ್ತೂವರೆಗೆ ಫೋನು.

"ಸರ್, ನಿಮ್ಮ ಬೆಳಕು ಇಲ್ಲಿಗೆ ಬರ್ತಾನೇ ಇಲ್ಲ."

"ನಿಮ್ದು ನನಗೆ ಮುತ್ತು ಪೋಣಿಸಿದ ಹಾಗೆ ಬರ್ತಿದೆ, ತಾಯೀ. ಇದೇನು ಕಂಬ ಅಂದ್ಕೊಂಡ್ರಾ, ಹತ್ತಿ ನಾಲ್ಕು ಬಡಿಯೋಕೆ? ಕಾರ್ಡು ಕಿತ್ತು ಮತ್ತೆ ಹಾಕಿ."

"ಕೀಳ್ತೀನಿ ಸರ್."

ಎರಡು ನಿಮಿಷಕ್ಕೆ ಮತ್ತೆ ಅದೇ ತಣ್ಣನೆಯ ದನಿ. "ಈಗ ನನ್ನ ಬೆಳಕು ಬರ್ತಿದೆಯಾ ಸರ್?"

"ಬರ್ತಿದೆ!"

"ಓ," ಎಂದಳು. ಫೋನು ಇಟ್ಟಳು.

ಹನ್ನೆರಡಕ್ಕೆ ಮತ್ತೆ ಕೇಳಿದಳು. ಎರಡಕ್ಕೂ ಕೇಳಿದಳು. "ಈಗಲೂ ಬರ್ತಿದೆಯಾ ಸರ್? ಸ್ವಲ್ಪ ಸರಿಯಾಗಿ ನೋಡಿ. ನಿಮ್ಮ ಗೋಡೆ ಪೆಟ್ಟಿಗೆಯ ಎಳೆಗಳನ್ನೂ ಒಂದ್ಸಲ ನೋಡ್ತೀರಾ?"

"ನನಗೆ ಪಾಠನಾ? ಕಂಬದ ಮೇಲೆ ಕೂತು ಕೂತು ತಲೆಗೂ ತುಕ್ಕು ಹಿಡಿದಿದೆ ನಿಮಗೆ!"

ಸಂಜೆ ನಾಲ್ಕರೊಳಗೆ ಎರಡೂ ಊರು ಕೂಡಬೇಕು, ಇಲ್ಲವಾದರೆ ತಪ್ಪು ಮಾಡಿದವರು ಇವತ್ತೇ ಮನೆಗೆ ಹೋಗಬೇಕು ಎಂದು ನಿರ್ದೇಶಕರು ಖಂಡತುಂಡವಾಗಿ ಹೇಳಿದ್ದರು. ಎಂಜಿನಿಯರಿಗೆ ಒಳಗೊಳಗೇ ಖುಷಿ. ಕಂಬದಮ್ಮನ ಕುರ್ಚಿ ನಿನಗೇ ಎಂದು ಅವರು ಆಗಲೇ ಭಾವಮೈದುನನಿಗೆ ಮಾತು ಕೊಟ್ಟಾಗಿತ್ತು. ಅವನೂ ಹೊಸ ಷರಟು ಹೊಲಿಸಿಕೊಂಡಾಗಿತ್ತು.

ನಾಲ್ಕಕ್ಕೆ ಮೂವರೂ ಫೋನಿನಲ್ಲಿ ಸೇರಿದರು. ಎಂಜಿನಿಯರು ಗಂಟಲು ಸರಿಮಾಡಿಕೊಂಡು ತಮ್ಮ ವರದಿಯನ್ನು ಓದಿದರು:

"ಬೆಳಗ್ಗೆಯಿಂದ ಈ ಕ್ಷಣದವರೆಗೂ ಆ ಕಡೆಯ ಕಾರ್ಡಿನ ಬೆಳಕು ಎಡೆಬಿಡದೆ ನನ್ನನ್ನು ತಲುಪಿದೆ. ಖುದ್ದು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ನಮ್ಮ ಕಡೆ ದೋಷವಿಲ್ಲ, ದೋಷವೆಲ್ಲ ಆಕೆಯದು."

"ಎಡೆಬಿಡದೆ? ಖಾತ್ರಿನಾ?" ನಿರ್ದೇಶಕರು ಕೇಳಿದರು.

"ನನ್ನ ನೌಕರಿ ಪಣಕ್ಕಿಟ್ಟು ಹೇಳ್ತೀನಿ ಸರ್. ಒಂದು ಕ್ಷಣವೂ ತಪ್ಪಿಲ್ಲ." ಆಮೇಲೆ ದನಿಗೆ ಸಕ್ಕರೆ ಸವರಿಕೊಂಡರು. "ಕೇಳಿಸ್ತಲ್ಲ, ಕಂಬದಮ್ಮಾ? ಒಪ್ಪಿಗೆ ಅಂತ ಒಂದು ಸಹಿ ಹಾಕಿಬಿಡಿ. ಮರ್ಯಾದೆಯಾಗಿ ಮನೆಗೆ ಹೋಗಬಹುದು."

"ಹಾಕಲ್ಲ ಸರ್. ಹತ್ತೂವರೆಗೆ ನೀವು ಕೀಳಿಸಿದ ಕಾರ್ಡು ಇನ್ನೂ ನನ್ನ ತೊಡೆ ಮೇಲೇ ಇದೆ."